ಕೋಷರ್ ಮನೆಯ ಅಡುಗೆ: ನೀವು ಕೇಳಿ, ಶೆಫ್ ಅಣ್ಣ ಹೇಳ್ತಾರೆ

(ಇಸ್ರೇಲ್‌ನಲ್ಲಿ ವಯಸ್ಸಾದವರ ಆರೈಕೆ ಮಾಡುವ ಕರಾವಳಿಯವರ ಗುಂಪು. ಉತ್ತರಿಸುವವರು ಅಲ್ಲಿನ ಹೋಟೆಲೊಂದರ ಕೋಷರ್ ಅಡುಗೆಮನೆಯ ಶೆಫ್. ಕೋಷರ್ ಅಂದರೆ ಯೆಹೂದಿ ಧರ್ಮದ ಆಹಾರ ನಿಯಮಕ್ಕೆ ಒಪ್ಪುವಂಥದ್ದು.)

ಉಡುಪಿ: ಅಣ್ಣ, ಚಿಕನ್‌ಗೆ ಮೊಸರು ಹಾಕಬಹುದಾ?

ಶೆಫ್: ಇಲ್ಲ. ಮಾಂಸದ ಜೊತೆ ಹಾಲಿನದ್ದು ಏನೂ ಸೇರಬಾರದು. ತೆಂಗಿನ ಹಾಲು ಹಾಕಿ.

ಬೈಂದೂರು: ತುಪ್ಪ?

ಶೆಫ್: ಅದೂ ಹಾಲಿನದ್ದೇ. ಇಲ್ಲ.

ಕಾರ್ಕಳ: ಅಣ್ಣ, ನಾನು ನೋಡಿಕೊಳ್ಳುವ ಅಜ್ಜಿಗೆ ಬಿಪಿ ಇದೆ, ಹಾರ್ಟ್ ವೀಕ್. ಡಾಕ್ಟರ್ ಉಪ್ಪು ಕಮ್ಮಿ ಮಾಡಿ ಅಂದಿದ್ದಾರೆ. ಆದ್ರೆ ಕೋಷರ್ ಆಗಬೇಕಲ್ವಾ ಅಂತ ಅಂಗಡಿ ಕೋಳಿಗೆ ಪ್ರತಿ ಸಲ ಒಂದು ಗಂಟೆ ಉಪ್ಪು ಮೆತ್ತಿ ಇಡುತ್ತೇನೆ. ಸರಿ ತಾನೇ?

ಶೆಫ್: ಬೇಡಮ್ಮ, ಇವತ್ತೇ ನಿಲ್ಲಿಸಿ. ಪ್ಯಾಕೆಟ್ ಮೇಲೆ 'ಮುಖ್‌ಶಾರ್' ಅಂತ ಇದೆಯಾ, ಮನೆಯವರ ಹತ್ತಿರ ಓದಿಸಿ. ಇದ್ದರೆ ಉಪ್ಪಿನ ಕೆಲಸ ಮುಗಿದೇ ಅಂಗಡಿಗೆ ಬಂದಿದೆ. ರಕ್ತ ತಿನ್ನಬಾರದು ಅಂತ ಯೆಹೂದಿಗಳ ಧರ್ಮಗ್ರಂಥ ತೋರಾದಲ್ಲಿದೆ. ಅದಕ್ಕೆ ಮಾಂಸವನ್ನು ಅರ್ಧ ಗಂಟೆ ನೀರಲ್ಲಿ ನೆನೆಸಿ, ಎಲ್ಲ ಕಡೆ ದಪ್ಪ ಉಪ್ಪು ಹಚ್ಚಿ, ರಕ್ತ ಇಳಿದು ಹೋಗುವ ಹಾಗೆ ಇಳಿಜಾರು ಹಲಗೆ ಮೇಲೆ ಒಂದು ಗಂಟೆ ಇಡುತ್ತಾರೆ. ಆಮೇಲೆ ಮೂರು ಸಲ ತೊಳೆಯುತ್ತಾರೆ. ಎಷ್ಟು ತೊಳೆದರೂ ಸ್ವಲ್ಪ ಉಪ್ಪು ಒಳಗೆ ಉಳಿಯುತ್ತದೆ. ನೀವು ಅದರ ಮೇಲೆ ಮತ್ತೆ ಹಾಕುತ್ತಿದ್ದೀರಿ! ಇನ್ನು ಮೇಲೆ ಸಾರಿಗೂ ಉಪ್ಪು ಹಾಕಬೇಡಿ. ನಿಂಬೆ, ಶುಂಠಿ, ಕಾಳುಮೆಣಸಿನಲ್ಲೇ ರುಚಿ ಬರುತ್ತದೆ. ಅಜ್ಜಿ ತಿನ್ನೋದು ಉಪ್ಪು ಹಾಕಿ ತೊಳೆದ ಮಾಂಸ ಅಂತ ಡಾಕ್ಟರಿಗೂ ಹೇಳಿ. ಕಾಲು ಊದಿದೆಯಾ? ಉಸಿರಾಟ ಹೇಗಿದೆ? ತಪ್ಪದೆ ಉತ್ತರ ಕೊಡಿ.

ಸುರತ್ಕಲ್: ಫಾರ್ವರ್ಡ್ ಬಂದಿದೆ: "ಕೋಷರ್ ಉಪ್ಪು ಹಚ್ಚಿದ ಮಾಂಸದಲ್ಲಿ ಕೊಲೆಸ್ಟ್ರಾಲ್ ಇರಲ್ಲ, ರೋಗಾಣುವೂ ಇರಲ್ಲ. ಅರೆಬೆಂದರೂ ತಿನ್ನಬಹುದು."

ಶೆಫ್: ಎಲ್ಲಾ ಸುಳ್ಳು. ಕೊಲೆಸ್ಟ್ರಾಲ್ ಎಲ್ಲೂ ಹೋಗಲ್ಲ. ಕೋಳಿ ಒಳಗಿನವರೆಗೂ ಬೇಯಲೇಬೇಕು. ಮೇಲೆ ಒಬ್ಬರು ಹಾರ್ಟ್ ಪೇಷಂಟ್ ಬಗ್ಗೆ ಕೇಳಿದ್ದಾರೆ, ಅದರ ಕೆಳಗೇ ಇದನ್ನು ಹಾಕ್ತೀರಲ್ಲ!

ಕುಂದಾಪುರ: ಬಂಗುಡೆ ಆಗುತ್ತಾ? ಸಿಗಡಿ?

ಶೆಫ್: ಬಂಗುಡೆ, ಭೂತಾಯಿ ಆಗುತ್ತದೆ. ಸಿಗಡಿ, ಏಡಿ, ಮರುವಾಯಿ ಆಗಲ್ಲ. ರೆಕ್ಕೆ, ಹುರುಪೆ ಎರಡೂ ಬೇಕು. ಚರ್ಮ ಸುಲಿಸದೆ ತನ್ನಿ, ಹುರುಪೆ ಕಾಣಬೇಕು.

ಪುತ್ತೂರು: ನನ್ನ ಊಟಕ್ಕೆ ಬೇರೆ ಪಾತ್ರೆ ಕೊಡಿ ಅಂತ ಮನೆಯವರನ್ನು ಕೇಳಿದರೆ ಬೇಜಾರು ಮಾಡಿಕೊಳ್ತಾರಾ?

ಮೂಡುಬಿದಿರೆ: ಹಲಾಲ್, ಕೋಷರ್ ಎರಡೂ ಒಂದೇ ಅಲ್ವಾ?

ಬಂಟ್ವಾಳ: ಹೇಗೆ ಒಂದೇ? ಒಂಟೆ ಹಲಾಲ್, ಕೋಷರ್ ಅಲ್ಲ. ಗೊರಸು ಸೀಳಿರಬೇಕು, ಮೆಲುಕೂ ಹಾಕಬೇಕು. ಕಡಿಯುವ ಶೋಹೆತ್ ಚೂರಿಯ ಬಾಯಿಗೆ ಉಗುರು ಹಚ್ಚಿ ನೋಡುತ್ತಾನೆ. ಕೂದಲಷ್ಟು ಮುಕ್ಕಾಗಿದ್ದರೂ ಬಳಸಲ್ಲ.

ಮೂಡುಬಿದಿರೆ: ಕೋಷರ್‌ನಲ್ಲೂ, ಬಹಳ ಕಡೆ ಹಲಾಲ್‌ನಲ್ಲೂ ಪ್ರಜ್ಞೆ ತಪ್ಪಿಸದೆ ಕುತ್ತಿಗೆ ಕುಯ್ಯೋದೇ. ಬೆಲ್ಜಿಯಂನ ಫ್ಲಾಂಡರ್ಸ್‌ನಲ್ಲಿ 2019ರಿಂದ ಅದಕ್ಕೆ ನಿಷೇಧ ಇದೆ. 2020ರಲ್ಲಿ ಐರೋಪ್ಯ ಒಕ್ಕೂಟದ ಕೋರ್ಟೂ ಆ ಕಾನೂನನ್ನು ಎತ್ತಿಹಿಡಿಯಿತು.

ಬಂಟ್ವಾಳ: ಊರಲ್ಲಿ ಕೋಳಿ ಅಂಗಡಿ ಮುಂದೆ ನಿಂತು ಈ ಮಾತು ಯಾವತ್ತಾದ್ರೂ ಆಡಿದ್ದೀರಾ?

ಮೂಡುಬಿದಿರೆ: ವಿಷಯ ಬದಲಾಯಿಸಬೇಡಿ.

ಶೆಫ್: ಜಗಳ ಬೇರೆ ಕಡೆ ಇಟ್ಟುಕೊಳ್ಳಿ. ಕಾರ್ಕಳದವರೇ, ಎಲ್ಲಿದ್ದೀರಿ?

ಬೆಳ್ತಂಗಡಿ: ನಾನು ಒಲೆ ಹಚ್ಚಿದ್ದಕ್ಕೆ ಮನೆಯ ಅಜ್ಜ ಊಟವನ್ನೇ ಬಿಟ್ಟರು. ನನ್ನ ಕೈ ಅಡುಗೆ ಅವರಿಗೆ ಅಸಹ್ಯವಾ?

ಶೆಫ್: ಅಸಹ್ಯ ಅಲ್ಲ, ಇದೂ ನಿಯಮವೇ. ಅಡುಗೆಯಲ್ಲಿ ಯೆಹೂದಿಯ ಕೈ ಇರಬೇಕು. ಅಶ್ಕೆನಾಜಿ (ಮಧ್ಯ, ಪೂರ್ವ ಯುರೋಪ್ ಮೂಲದ ಯೆಹೂದಿ) ಮನೆಯಲ್ಲಿ ಒಲೆ ಅವರು ಹಚ್ಚಿದರೆ ಸಾಕು, ಉಳಿದದ್ದು ನೀವು ಮಾಡಬಹುದು. ಸೆಫಾರ್ದಿ (ಸ್ಪೇನ್, ಮಧ್ಯಪ್ರಾಚ್ಯ ಕಡೆಯ ಸಂಪ್ರದಾಯದ ಯೆಹೂದಿ) ಮನೆಯಾದರೆ ಪಾತ್ರೆಯನ್ನೂ ಅವರೇ ಒಲೆ ಮೇಲೆ ಇಡಬೇಕು ಅಂತಾರೆ. ಅಜ್ಜನನ್ನೇ ಕರೆದು ಹಚ್ಚಿಸಿ, ಊಟ ಮಾಡ್ತಾರೆ.

ಕಾಪು: ಬೆಣ್ಣೆ ಹಾಕಬಹುದಾ ಚಿಕನ್‌ಗೆ?

ಶೆಫ್: ಮೇಲೆ ಓದಿ.

ಪುತ್ತೂರು: ಅಣ್ಣ, ನನ್ನ ಪಾತ್ರೆ ವಿಷಯ...

ಸುರತ್ಕಲ್: ಇನ್ನೊಂದು ಫಾರ್ವರ್ಡ್, ಕಾಲು ಊತಕ್ಕೆ ಉಪ್ಪು ನೀರಿನ...

ಶೆಫ್: ದಯವಿಟ್ಟು ಡಿಲೀಟ್ ಮಾಡಿ. ಆ ಅಜ್ಜಿಗೆ ಅಂತ ಯಾರಾದ್ರೂ ಮಾಡಿಬಿಟ್ಟಾರು.

ಕಾರ್ಕಳ: ಅಣ್ಣ, ಮುಖ್‌ಶಾರ್ ಅಂತಲೇ ಇದೆಯಂತೆ. ಎರಡೂ ಕಾಲು ಊದಿದೆ, ಬೆರಳಲ್ಲಿ ಒತ್ತಿದರೆ ಗುಳಿ ಬೀಳುತ್ತೆ. ರಾತ್ರಿ ಮಲಗಿದರೆ ಏದುಸಿರು.

ಶೆಫ್: ಇದು ಅಡುಗೆಯವನು ಹೇಳೋ ವಿಷಯ ಅಲ್ಲ. ಅಜ್ಜಿಯ ಮಗಳಿಗೂ ಡಾಕ್ಟರಿಗೂ ಈಗಲೇ ಫೋನ್ ಮಾಡಿ, ನಾಳೆವರೆಗೆ ಕಾಯಬೇಡಿ. ಏದುಸಿರು ಜಾಸ್ತಿಯಾದರೆ 101ಕ್ಕೆ ಫೋನ್ ಮಾಡಿ ಆಂಬುಲೆನ್ಸ್ ಕರೆಸಿ. ಎಷ್ಟು ದಿನದಿಂದ ಉಪ್ಪು ಹಾಕಿದ್ದೀರಿ ಅಂತ ಮುಚ್ಚಿಡದೆ ಹೇಳಿ.