ಪ್ಲೈವುಡ್ ದೋಣಿ: ಜೋಡಣೆಗೆ ಹಾಕಿದ ಫೈಬರ್ ಹಪ್ಪಳದ ಹಾಗೆ ಎದ್ದು ಬರುತ್ತಿದೆ, ಏನು ಮಾಡಲಿ?

ನದಿಮನೆ

ನಮಸ್ಕಾರ. ಕಲ್ಯಾಣಪುರದ ಹತ್ತಿರ, ಸ್ವರ್ಣಾ ನದಿಯ ದಂಡೆಯಲ್ಲೇ ನಮ್ಮ ಮನೆ. ಗೇರುಬೀಜದ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದೆ, ಈಗ ನಿವೃತ್ತಿ. ಸಂಜೆ ಹೊಳೆಯಲ್ಲಿ ಗಾಳ ಹಾಕಿ ನಾಲ್ಕು ಕಾಣೆ ಸಿಕ್ಕಿದರೆ ತರುವ ಅಂತ 12 ಅಡಿಯ ಚಪ್ಪಟೆ ತಳದ ದೋಣಿ ಕಟ್ಟುತ್ತಿದ್ದೇನೆ.

ಪ್ಲೈವುಡ್ ವಿಷಯದಲ್ಲಿ ನಾನು ಮೋಸ ಹೋಗಲಿಲ್ಲ. ಐಎಸ್ 710 ಮುದ್ರೆಯ ಮರೈನ್ ಪ್ಲೈ 72 ಗಂಟೆ ಕುದಿಸಿದರೂ ಬಿಡಬಾರದು ಅಂತ ಲೆಕ್ಕ ಉಂಟಲ್ಲ, ಎರಡು ಕಡೆಯಿಂದ ತುಂಡು ತಂದು ಬಚ್ಚಲಿನ ಹಂಡೆಯಲ್ಲಿ ಮೂರು ದಿನ ಕುದಿಸಿದೆ. ಬಾಯ್ಲರಿನವನಿಗೆ ಬೆಂಕಿ ಆರದ ಹಾಗೆ ನೋಡಿಕೊಳ್ಳುವುದು ದೊಡ್ಡ ಕೆಲಸ ಅಲ್ಲ. ಒಂದು ತುಂಡು ಪುಸ್ತಕದ ಹಾಗೆ ಬಿಚ್ಚಿಕೊಂಡಿತು. ಇನ್ನೊಂದು ಹಾಗೇ ಇತ್ತು. ಮೂರು ದಿನ ಸ್ನಾನದ ನೀರಿಗೆ ಗೋಂದಿನ ವಾಸನೆ ಅಂತ ಮನೆಯವಳು ಇವತ್ತಿಗೂ ಹೇಳುತ್ತಾಳೆ.

ಉಳಿದ ಜಾತಿಯದ್ದನ್ನೇ ತಂದೆ. 6 ಮಿ.ಮೀ., ಮೂರು ಹಾಳೆ. ಹಾಳೆ 8 ಅಡಿ, ದೋಣಿ 12 ಅಡಿ. ಹಾಗಾಗಿ ತುದಿಗಳನ್ನು 48 ಮಿ.ಮೀ. ಓರೆಯಾಗಿ ಕೀಸಿ ಒಂದರ ಮೇಲೊಂದು ಕೂರಿಸಿದೆ. ದಪ್ಪದ ಎಂಟು ಪಟ್ಟು ಓರೆ ಬೇಕು ಅಂತಾರೆ, ಹಾಗೇ ಮಾಡಿದೆ. ಅದಕ್ಕೆ ಮಗ ಬೆಂಗಳೂರಿನಿಂದ ಕಳಿಸಿದ ಒಂದು ಡಬ್ಬಿ ಎಪಾಕ್ಸಿ (ರೆಸಿನ್, ಹಾರ್ಡನರ್ ಎರಡನ್ನೂ ಕಲಸಿದರೆ ಗಟ್ಟಿಯಾಗುವ ಅಂಟು) ಮುಗಿಯಿತು. ಆ ಓರೆ ಈಗಲೂ ಗಟ್ಟಿ. ಆಮೇಲೆ ಅಂಚುಗಳಲ್ಲಿ ಗೇಣಿಗೊಂದು ತೂತು ಕೊರೆದು, ಹಳೇ ವೈರಿಂಗಿನ ತಾಮ್ರದ ತಂತಿಯಲ್ಲಿ ಹೊಲಿದೆ. ಆಕಾರ ಚಂದ ಬಂತು.

ತೊಂದರೆ ಆದದ್ದು ಆಮೇಲೆ. ಒಳಗಿನ ಮೂಲೆಗೆ ಹಾಕಲು ಒಂದು ಅಂಗಡಿಯಲ್ಲಿ ಕೇಳಿದೆ. "ದೋಣಿಗೆ ಎಲ್ಲರೂ ಇದನ್ನೇ ಹಾಕುವುದು" ಅಂತ ರೆಸಿನ್ ಮತ್ತು ಎರಡು ಸಣ್ಣ ಬಾಟಲಿ ಕೊಟ್ಟರು. ಮೂಗಿಗೆ ಹೊಡೆಯುವ ವಾಸನೆ. ಫೈಬರ್ ಮ್ಯಾಟಿನ ಜೊತೆ ಹಾಕಿದೆ, ಅರ್ಧ ಗಂಟೆಯಲ್ಲಿ ಕಲ್ಲಿನ ಹಾಗಾಯಿತು. ಮೂರು ವಾರ ಕಳೆದು ಮೊನ್ನೆ ಒಂದು ತುದಿಗೆ ಉಗುರು ಹಾಕಿ ಎಳೆದರೆ ಮೊಳ ಉದ್ದ ಎದ್ದು ಬಂತು!

ಇದರ ಮೇಲೆಯೇ ಎಪಾಕ್ಸಿ ಹಾಕಿದರೆ ಸಾಕೇ? ಮಳೆ ಹತ್ತಿರ ಬಂತು, ಅಷ್ಟರೊಳಗೆ ಮುಗಿಸಬಹುದೇ? ಇನ್ನೊಂದು, ಹಿಂದೆ ಮರದ ದೋಣಿಗೆ ಬಳಿಯುತ್ತಿದ್ದ ಹಾಗೆ ಒಳಗೆ ಬೂತಾಯಿ ಎಣ್ಣೆ ಬಳಿಯಬಹುದೇ?

ಮರದಹುಡಿ

ಎದ್ದು ಬಂದ ತುಂಡಿನ ಹಿಂಬದಿ ನೋಡಿ ಮಾರಾಯ್ರೆ. ಮರದ ನಾರು ಅಂಟಿಕೊಂಡಿದೆಯಾ, ಇಲ್ಲ ಗಾಜಿನ ಹಾಗೆ ನುಣ್ಣಗೆ ಉಂಟಾ?

ನದಿಮನೆ

ನುಣ್ಣಗೆ. ಮರದ ಮೇಲೂ ಏನೂ ಉಳಿದಿಲ್ಲ, ಒರೆಸಿ ಇಟ್ಟ ಹಾಗಿದೆ.

ಮರದಹುಡಿ

ಹಾಗಾದರೆ ಅದು ಪಾಲಿಯೆಸ್ಟರ್ ರೆಸಿನ್. ಅಂಗಡಿಯವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಅಚ್ಚಿನಲ್ಲಿ ತೆಗೆಯುವ ಫೈಬರ್ ದೋಣಿಗೆ ಸಾಮಾನ್ಯವಾಗಿ ಅದನ್ನೇ ಹಾಕುವುದು. ಅಲ್ಲಿ ರೆಸಿನಿಗೆ ರೆಸಿನ್ ಹಿಡಿಯುತ್ತದೆ. ಮರಕ್ಕೆ ಅದರ ಹಿಡಿತ ಕಡಿಮೆ. ಮರ ತೇವಕ್ಕೆ ಸ್ವಲ್ಪ ಹಿಗ್ಗಿ ಕುಗ್ಗಿದರೂ ಬಿಟ್ಟುಬಿಡುತ್ತದೆ.

ಮೇಲಿಂದ ಎಪಾಕ್ಸಿ ಹಾಕಿ ಪ್ರಯೋಜನ ಇಲ್ಲ. ಎಪಾಕ್ಸಿ ಪಾಲಿಯೆಸ್ಟರನ್ನು ಹಿಡಿದುಕೊಳ್ಳುತ್ತದೆ ಸರಿ, ಆ ಪಾಲಿಯೆಸ್ಟರ್ ಏನನ್ನು ಹಿಡಿದುಕೊಂಡಿದೆ? ಎಲ್ಲಾ ತೆಗೆಯಿರಿ. ಹಾಟ್ ಏರ್ ಗನ್ನಿನಲ್ಲಿ ಬಿಸಿ ಮಾಡಿ ಅಗಲ ಉಳಿಯಿಂದ ಎಬ್ಬಿಸಿ, ಮರದ ಬಣ್ಣ ಕಾಣುವ ತನಕ 80 ನಂಬರ್ ಕಾಗದದಲ್ಲಿ ಉಜ್ಜಿ. ಮಾಸ್ಕ್ ಹಾಕಿಕೊಳ್ಳಿ, ಗಾಜಿನ ಹುಡಿ ಒಳ್ಳೆಯದಲ್ಲ. ಆ ಎರಡು ಸಣ್ಣ ಬಾಟಲಿ ಉಳಿದಿದ್ದರೆ ದೂರ ದೂರ ಇಡಿ. ಅವುಗಳಲ್ಲಿರುವ ಕೋಬಾಲ್ಟ್ ಮತ್ತು ಕ್ಯಾಟಲಿಸ್ಟ್ ನೇರವಾಗಿ ಸೇರಿದರೆ ಸ್ಫೋಟ ಆಗಬಹುದು, ಹೆದರಿಸಲಿಕ್ಕೆ ಹೇಳುವುದಲ್ಲ.

ಆಮೇಲೆ ಎಪಾಕ್ಸಿಗೆ ನಯವಾದ ಮರದ ಹುಡಿ ಬೆರೆಸಿ. ಇಡ್ಲಿ ಹಿಟ್ಟಿಗಿಂತ ಗಟ್ಟಿ ಇರಬೇಕು, ಚಮಚ ಕವುಚಿದರೂ ಬೀಳಬಾರದು. ಮೂಲೆಗೆ ಇಟ್ಟು ಚಮಚದ ಬೆನ್ನಿನಿಂದ ಉರುಟಾಗಿ ಎಳೆಯಿರಿ. ಅದು ಹಸಿ ಇರುವಾಗಲೇ ಮೇಲೆ ಗಾಜಿನ ಬಟ್ಟೆಯ ಪಟ್ಟಿ. ಮ್ಯಾಟ್ ಬೇಡ, ನೇಯ್ದದ್ದೇ ತನ್ನಿ. ಮ್ಯಾಟಿನ ಎಳೆ ಹಿಡಿದಿಡುವ ಅಂಟು ಪಾಲಿಯೆಸ್ಟರಿನಲ್ಲಿ ಕರಗುವುದಕ್ಕೆಂದೇ ಮಾಡಿದ್ದು.

ಒಂದು ಅಭ್ಯಾಸ ಬಿಡಬೇಕು. ಪಾಲಿಯೆಸ್ಟರಿಗೆ ಎರಡು ಹನಿ ಜಾಸ್ತಿ ಹಾಕಿದರೆ ಬೇಗ ಗಟ್ಟಿಯಾಗುತ್ತದೆ. ಎಪಾಕ್ಸಿಯಲ್ಲಿ ಹಾರ್ಡನರ್ ಜಾಸ್ತಿಯಾದರೆ ಅದು ಯಾವತ್ತೂ ಸರಿ ಗಟ್ಟಿಯಾಗುವುದಿಲ್ಲ. ಡಬ್ಬಿಯಲ್ಲಿ ಬರೆದ ಅಳತೆ, ತಕ್ಕಡಿಯಲ್ಲಿ ತೂಗಿಯೇ. ನಮ್ಮ ಸೆಕೆಗೆ ಮಗ್ಗಿನಲ್ಲಿ ಇಟ್ಟರೆ ಹೊಗೆ ಬರುತ್ತದೆ, ಕಲಸಿದ ಕೂಡಲೇ ಅಗಲ ತಟ್ಟೆಗೆ ಸುರಿಯಿರಿ.

ಮಳೆಗೆ ಮುಂಚೆ ಮುಗಿಸುವ ಗಡಿಬಿಡಿ ಬೇಡ. ತೇವದ ಗಾಳಿಯಲ್ಲಿ ಎಪಾಕ್ಸಿ ಮೇಲೆ ಸಾಬೂನಿನ ಹಾಗೆ ಜಾರುವ ಪದರ ಕೂರುತ್ತದೆ. ಅದನ್ನು ನೀರಲ್ಲಿ ಉಜ್ಜಿ ತೊಳೆಯದೆ ಇನ್ನೊಂದು ಕೋಟ್ ಹಾಕಿದರೆ ಪುನಃ ಹಪ್ಪಳವೇ. ಜೂನ್ 1ರಿಂದ ಜುಲೈ 31, ಮೀನುಗಾರಿಕೆ ನಿಷೇಧ ಅಂತ ಮಲ್ಪೆಯ ದೊಡ್ಡ ಬೋಟುಗಳೇ 61 ದಿನ ದಕ್ಕೆಯಲ್ಲಿ ನಿಲ್ಲುತ್ತವೆ. ನಿಮ್ಮದೂ ನಿಲ್ಲಲಿ.

ಕೋಡಿ ಬೆಂಗ್ರೆಯವ

ಬೂತಾಯಿ ಎಣ್ಣೆ ಆ ದೋಣಿಯ ಹತ್ತಿರವೂ ತರಬೇಡಿ ಅಣ್ಣ. ಹಸಿ ಮರದ ಹಲಗೆಗೆ ಅದು ಸರಿ. ಪ್ಲೈಗೆ ಒಮ್ಮೆ ಎಣ್ಣೆ ಕುಡಿಸಿದರೆ ಆಮೇಲೆ ಯಾವ ಅಂಟೂ ಕೂರುವುದಿಲ್ಲ, ಪೈಂಟೂ ಕೂರುವುದಿಲ್ಲ. ಎಪಾಕ್ಸಿ ಬಿಸಿಲಿಗೆ ಹಾಳಾಗುತ್ತದೆ, ಹಾಗಾಗಿ ಪೈಂಟ್ ಬೇಕೇ ಬೇಕು.

ನಾನು ಹೇಳಬೇಕೆಂದಿದ್ದು ಬೇರೆ. ಒಂದು ಚದರ ಮೀಟರ್ ತಳ 10 ಸೆ.ಮೀ. ಮುಳುಗಿದರೆ ಸುಮಾರು 100 ಕಿಲೋ ಹೊರುತ್ತದೆ. ನಿಮ್ಮ ತಳ ಎರಡು ಚದರ ಮೀಟರ್ ಅಂತ ಹಿಡಿಯಿರಿ. ನೀವು, ಇನ್ನೊಬ್ಬರು, ದೋಣಿಯ ತೂಕ, ಎಲ್ಲಾ ಸೇರಿ 10 ಸೆ.ಮೀ. ನೀರು ಸಾಕು. ಹೊಳೆಗೆ ಅದು ಒಳ್ಳೆಯದು. ಆದರೆ ಅಷ್ಟು ಹಗುರ ದೋಣಿ ಇಳಿತದ ಹೊತ್ತಿಗೆ ತೆಪ್ಪದ ಹಾಗೆ ಹೋಗುತ್ತದೆ. ಸ್ವರ್ಣಾ, ಸೀತಾ ಎರಡೂ ಸೇರಿ ಸಮುದ್ರಕ್ಕೆ ಬೀಳುವ ನಮ್ಮ ಅಳಿವೆ ಬಾಗಿಲಿಗೆ ಅದನ್ನು ತರಬೇಡಿ. ಮುಂದೆ ಹಿಂದೆ ಎರಡು ಮುಚ್ಚಿದ ಕೋಣೆ ಮಾಡಿ ಥರ್ಮಾಕೋಲ್ ತುಂಬಿಸಿ. ಮಗುಚಿದರೆ ಹಿಡಿದುಕೊಳ್ಳಲಿಕ್ಕೆ ಏನಾದರೂ ಬೇಕಲ್ಲ.

ಅಷ್ಟಕ್ಕೂ ಒಂದು ಹಳೇ ಫೈಬರ್ ದೋಣಿ ತೆಗೆದುಕೊಳ್ಳಬಹುದಿತ್ತು, ಅಲ್ವಾ?

ನದಿಮನೆ

ತೆಗೆದುಕೊಳ್ಳಬಹುದಿತ್ತು. ನನ್ನ ಅಪ್ಪ ರಂಪಣಿಯಲ್ಲಿ (ದಡಕ್ಕೆ ಎಳೆಯುವ ದೊಡ್ಡ ಬಲೆಯ ಮೀನುಗಾರಿಕೆ) ಹೋಗುತ್ತಿದ್ದವರು. ಆ ದೋಣಿಯ ಹಲಗೆಗಳನ್ನು ತೆಂಗಿನ ಹುರಿಯಲ್ಲಿ ಹೊಲಿಯುತ್ತಿದ್ದರು. ಹುರಿ ಹಳತಾದರೆ ಬಿಚ್ಚಿ ಪುನಃ ಹೊಲಿಯುವುದು. ನಾನು ಸಣ್ಣವನಿರುವಾಗ ಹುರಿಯ ತುದಿ ಎಳೆದು ಹಿಡಿಯುವುದು ನನ್ನ ಕೆಲಸ, ಸಡಿಲ ಬಿಟ್ಟರೆ ತಲೆಗೆ ಒಂದು ಬೀಳುತ್ತಿತ್ತು. ತಾಮ್ರದ ತಂತಿ ತಿರುಚುವಾಗ ಅದೇ ನೆನಪಾಯಿತು. ಕೊಂಡ ದೋಣಿಯಲ್ಲಿ ಆ ಖುಷಿ ಇಲ್ಲ.

ನಿನ್ನೆ, ಇವತ್ತು ಕೂತು ಎಡಬದಿಯ ಫೈಬರ್ ಪೂರ್ತಿ ತೆಗೆದೆ. ಹಾಟ್ ಏರ್ ಗನ್ ಬೇಕಾದದ್ದು ಎರಡೇ ಕಡೆ, ಉಳಿದದ್ದು ಕೈಯಲ್ಲೇ ಬಂತು. ಬಲಬದಿ ಮುಗಿದ ಮೇಲೆ ಕವುಚಿ ಹಾಕಿ ಸೋಗೆ ಮುಚ್ಚಿಡುತ್ತೇನೆ. ನವರಾತ್ರಿ ಕಳೆದು ಎಪಾಕ್ಸಿ.

ಒಂದು ಕೇಳಲು ಬಿಟ್ಟುಹೋಯಿತು. ಆ ತಾಮ್ರದ ತಂತಿಗಳನ್ನು ಆಮೇಲೆ ತೆಗೆಯಬೇಕಾ?

ಮರದಹುಡಿ

ಬೇಡ, ಒಳಗೇ ಇರಲಿ. ಹೊರಗೆ ಚಾಚಿದ ತುದಿ ಕತ್ತರಿಸಿ ಅರದಲ್ಲಿ ಮಟ್ಟ ಮಾಡಿ. ಎಳೆದು ಹಿಡಿಯಲಿಕ್ಕೆ ಮೊಮ್ಮಕ್ಕಳು ಯಾರಾದರೂ ಇದ್ದರೆ ಒಳ್ಳೆಯದು.