ಸಹಾಯ ಬೇಕು: ‘ನೀವ್’ ಎಂಬ ಐರಿಷ್ ಹೆಸರನ್ನು ಕನ್ನಡದಲ್ಲಿ ಹೇಗೆ ಬರೆಯಲಿ?

ಎಲ್ಲರಿಗೂ ನಮಸ್ಕಾರ. ಡಬ್ಲಿನ್‌ನಲ್ಲಿರುವ ಮೊಮ್ಮಗಳಿಗಾಗಿ ಒಂದು ಐರಿಷ್ ಕಥೆಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವಳ ಗೆಳತಿಯ ಹೆಸರೇ ಕಥೆಯ ನಾಯಕಿಯದ್ದು. ಇಂಗ್ಲಿಷ್ ಅಕ್ಷರಗಳಲ್ಲಿ ಎನ್, ಐ, ಎ, ಎಂ, ಎಚ್. ನಾನು ಸುಮ್ನೆ ‘ನಿಯಾಮ್’ ಅಂತ ಓದಿದ್ದೆ. ಮೊಮ್ಮಗಳು ತಿದ್ದಿದಳು: “ಅಜ್ಜಿ, ಅದು ನೀವ್!” ಐರಿಷ್‌ನಲ್ಲಿ ಎಂ ಮುಂದೆ ಎಚ್ ಬಂದರೆ ‘ವ’ ಉಚ್ಚಾರಣೆಯಂತೆ. ಹಳೆಯ ಲಿಪಿಯಲ್ಲಿ ಆ ಎಚ್ ಬದಲು ಎಂ ಮೇಲೆ ಒಂದು ಚುಕ್ಕೆ ಇಡುತ್ತಿದ್ದರು. ಹೆಸರಿನ ಅರ್ಥ ಹೊಳಪು, ಕಾಂತಿ. ಎಷ್ಟು ಚೆಂದ ಅಲ್ವಾ?

ಕಥೆಯೂ ಹಾಗೇ. ಹೊಂಗೂದಲಿನ ನೀವ್ ಬಿಳಿ ಕುದುರೆ ಏರಿ ಬಂದು, ವೀರ ಫಿನ್‌ನ ಮಗ ಒಶೀನನನ್ನು ಮುಪ್ಪಿಲ್ಲದ ನಾಡಿಗೆ ಕರೆದೊಯ್ಯುತ್ತಾಳೆ. ಅಲ್ಲಿ ಅವನಿಗೆ ಮೂರು ವರ್ಷ ಅನಿಸಿದ್ದು ಇಲ್ಲಿ 300 ವರ್ಷ. ಊರು ನೋಡಲು ಹೊರಟವನಿಗೆ “ಕುದುರೆಯಿಂದ ಇಳಿಯಬೇಡ” ಅನ್ನುತ್ತಾಳೆ. ಅವನು ಜಾರಿ ಬೀಳುತ್ತಾನೆ, ನೆಲ ಮುಟ್ಟಿದ ಕೂಡಲೇ ಹಣ್ಣು ಮುದುಕ. ಈ ಭಾಗ ಬರೆಯುವಾಗ ನನಗೆ ಕಣ್ಣು ತುಂಬಿತು.

ತೊಡಕು ಇಷ್ಟೇ. “ನೀವ್ ಬಂದಳು” ಅಂದರೆ ನಮ್ಮ ‘ನೀವು’ ಅನಿಸುತ್ತದೆ. ‘ನೀವ್‌ಳನ್ನು’ ಅಂತೂ ನಾಲಿಗೆಗೆ ಒಗ್ಗಲ್ಲ. ‘ನೀವಾ’ ಅಂತ ಮಾಡಲು ಮನಸ್ಸಿಲ್ಲ. ಯಾಕಂದ್ರೆ ‘ನೀವ್’ ಇಂದಿಗೂ ಅಲ್ಲಿ ಮಕ್ಕಳಿಗೆ ಇಡುವ ಹೆಸರು. 1993ರಲ್ಲಿ ಯೂರೋಪಿನ ಹಾಡಿನ ಸ್ಪರ್ಧೆ ಯೂರೋವಿಷನ್ ಗೆದ್ದ ಐರಿಷ್ ಗಾಯಕಿಯೂ ನೀವ್ ಕ್ಯಾವನಾ.

ಅನುವಾದ ಮಾಡುವವರು ಇದ್ದರೆ ದಯವಿಟ್ಟು ದಾರಿ ಹೇಳಿ. ‘ನೀವ್ ರಾಣಿ’ ಅಂತ ಸೇರಿಸಿದರೆ ಸರಿಯೇ? ಐರ್ಲೆಂಡ್‌ನಲ್ಲಿ ಇರುವವರು ಈ ಹೆಸರು, ಒಶೀನ್ ಹೆಸರು ಎರಡನ್ನೂ ಅಲ್ಲಿಯವರ ಬಾಯಲ್ಲಿ ಹೇಳಿಸಿ ಆಡಿಯೋ ಕಳಿಸಿದರೆ ತುಂಬಾ ಉಪಕಾರ.