ಪ್ರಶ್ನೋತ್ತರ: ಜೂನ್ ವಾಯಿದೆ ಕೇಳಿದರೆ ಡಿಸೆಂಬರ್‌ನವರು ಬರ್ತಾರೆ!

ಪ್ರಶ್ನೆ (ಮಂಡ್ಯ): ನಮಸ್ಕಾರ ಮೇಡಂ. ನಮ್ಮದು ಗೊಬ್ಬರ, ಬಿತ್ತನೆ ಬೀಜದ ಅಂಗಡಿ. ರೈತರ ಸಾಲದ ಲೆಕ್ಕವನ್ನು ಎಕ್ಸೆಲ್‌ನಿಂದ ಮೈಎಸ್‌ಕ್ಯೂಎಲ್ ಡೇಟಾಬೇಸ್‌ಗೆ ಹಾಕಿದ್ದೇನೆ. 10-06-2025ಕ್ಕೆ ಮುಂಚೆ ವಾಯಿದೆ ಮುಗಿಯುವವರನ್ನು ಕೇಳಿದರೆ 05-12-2025ರವರೂ ಬರುತ್ತಾರೆ. 28-02-2025ರವರು ಬರುವುದೇ ಇಲ್ಲ. ಇನ್ನೊಂದು, ಕಬ್ಬಿನ ದುಡ್ಡು ತಡ ಆಗಿದೆ. ಕಬ್ಬು ಹಾಕಿದವರಿಗೆಲ್ಲ ವಾಯಿದೆ ಒಂದು ತಿಂಗಳು ಮುಂದೆ ಹಾಕಬೇಕು. ಲೆಕ್ಕ ಬದಲಿಸುವ ಅಪ್‌ಡೇಟ್ ಆಜ್ಞೆ ಕೊಡೋಕೆ ಭಯ.

ಉತ್ತರ (ಮೈಸೂರು, ಡೇಟಾಬೇಸ್ ಅಡ್ಮಿನ್): ವಾಯಿದೆ ಕಾಲಂ ವಾರ್‌ಕ್ಯಾರ್ (ಅಕ್ಷರ ಇಡುವ ಟೈಪ್) ಆಗಿದೆ, ಅಲ್ವಾ? ಹಾಗಿದ್ದರೆ ಅದು ತಾರೀಖಲ್ಲ, ಬರೀ ಅಕ್ಷರ. ಮೊದಲ ಅಕ್ಷರದಿಂದ ಹೋಲಿಸುತ್ತದೆ. 0 ಅನ್ನೋದು 1ಕ್ಕಿಂತ ಚಿಕ್ಕದು, ಅದಕ್ಕೇ 05 ಒಳಗೆ ಬಂತು. 28 ಹೊರಗೆ ಉಳಿಯಿತು.

ಹಳೆ ಕಾಲಂ ಮುಟ್ಟಬೇಡಿ. ಪಕ್ಕದಲ್ಲಿ ಡೇಟ್ ಟೈಪ್‌ನ ಹೊಸ ಕಾಲಂ ಮಾಡಿ, ಅಕ್ಷರವನ್ನು ತಾರೀಖು ಮಾಡುವ ಸ್ಟ್ರ್-ಟು-ಡೇಟ್ ಫಂಕ್ಷನ್‌ನಿಂದ ತುಂಬಿಸಿ. ಫಾರ್ಮ್ಯಾಟ್‌ನಲ್ಲಿ ಡಿ (ದಿನ) ಮತ್ತು ಎಂ (ತಿಂಗಳು) ಸಣ್ಣಕ್ಷರ, ವೈ (ವರ್ಷ) ದೊಡ್ಡಕ್ಷರ. ಸಣ್ಣ ವೈ ಅಂದರೆ ಎರಡಂಕಿಯ ವರ್ಷ, ದೊಡ್ಡ ಎಂ ಅಂದರೆ ತಿಂಗಳ ಹೆಸರು. ತುಂಬಿಸುವ ಮೊದಲು ಅದೇ ಫಂಕ್ಷನ್ ಅನ್ನು ಸೆಲೆಕ್ಟ್‌ನಲ್ಲಿ (ಬರೀ ತೋರಿಸುವ ಆಜ್ಞೆ) ಓಡಿಸಿ, ನಲ್ (ಖಾಲಿ) ಬರುವ ಸಾಲುಗಳನ್ನು ನೋಡಿ. 10.06.2025 ಅಂತ ಚುಕ್ಕಿ ಇಟ್ಟು ಬರೆದದ್ದೆಲ್ಲ ಅಲ್ಲಿ ಸಿಗುತ್ತದೆ.

ನಲ್ ಬಂದರೆ ಪುಣ್ಯ, ತಪ್ಪು ಕಣ್ಣಿಗೆ ಬೀಳುತ್ತದೆ. ನನಗೆ ಹೆದರಿಕೆ ಇರೋದು 06-10-2025ರಂಥವುಗಳ ಮೇಲೆ. ಅಕ್ಟೋಬರ್ 6ಓ, ಜೂನ್ 10ಓ? ಯಾವುದೋ ಕಂಪ್ಯೂಟರ್‌ನ ಎಕ್ಸೆಲ್ ತಿಂಗಳು ಮುಂದಿಟ್ಟು ಬರೆದಿದ್ದರೆ ಯಾವ ಕ್ವೆರಿಗೂ ಗೊತ್ತಾಗಲ್ಲ. 12ರೊಳಗಿನ ದಿನಗಳನ್ನು ಬಿಲ್ ಪುಸ್ತಕದ ಜೊತೆ ತಾಳೆ ನೋಡಲೇಬೇಕು. ಬೇಜಾರಿನ ಕೆಲಸ, ಆದರೆ ಬೇರೆ ದಾರಿ ಇಲ್ಲ.

ಈಗ ಒಂದು ತಿಂಗಳ ವಿಷಯ. ಎಲ್ಲರೂ 'ವಾಯಿದೆ = ವಾಯಿದೆ + 1 ತಿಂಗಳು' ಅಂತ ಬರೆಯುತ್ತಾರೆ. ಕರೆಂಟ್ ಹೋಗಿ ಬಂತು, ಓಡಿತೋ ಇಲ್ಲವೋ ಅಂತ ಮತ್ತೆ ಎಂಟರ್ ಒತ್ತಿದಿರಿ ಅನ್ನಿ, ಎರಡು ತಿಂಗಳು ಮುಂದೆ ಹೋಯಿತು. ನೋಡಿದರೆ ಗೊತ್ತೂ ಆಗಲ್ಲ. ಬಿಲ್ ತಾರೀಖಿನಿಂದ ಲೆಕ್ಕ ಹಾಕಿ. ಮೂರು ತಿಂಗಳ ಸಾಲ ಆಗಿದ್ದರೆ 'ವಾಯಿದೆ = ಬಿಲ್ ತಾರೀಖು + 4 ತಿಂಗಳು'. ಎಷ್ಟು ಸಲ ಓಡಿಸಿದರೂ ಅದೇ ಉತ್ತರ. ಬಿಲ್ ತಾರೀಖೂ ಅಕ್ಷರದಲ್ಲಿದ್ದರೆ ಅದನ್ನೂ ಮೊದಲು ಡೇಟ್ ಮಾಡಿಕೊಳ್ಳಿ. ತಿಂಗಳ ಕೊನೆಯ ತೊಂದರೆಯೂ ಇದರಲ್ಲಿ ತಪ್ಪುತ್ತದೆ. ಜನವರಿ 31ಕ್ಕೆ ಒಂದು ತಿಂಗಳು ಕೂಡಿದರೆ ಫೆಬ್ರವರಿ 28, ಅದಕ್ಕೆ ಇನ್ನೊಂದು ಕೂಡಿದರೆ ಮಾರ್ಚ್ 28. ಒಟ್ಟಿಗೆ ಎರಡು ತಿಂಗಳು ಕೂಡಿದರೆ ಮಾರ್ಚ್ 31.

ಪ್ರಶ್ನೆ (ಮಂಡ್ಯ): ಹೊಸ ಕಾಲಂ ಆಯ್ತು ಮೇಡಂ. ಅಪ್‌ಡೇಟ್ ಕೊಟ್ಟರೆ ಮೈಎಸ್‌ಕ್ಯೂಎಲ್ ಓಡಿಸುವ ವರ್ಕ್‌ಬೆಂಚ್ ಪ್ರೋಗ್ರಾಂ ಎರರ್ 1175 ಅಂತಿದೆ. ಸೇಫ್ ಮೋಡ್ ತೆಗೆದುಬಿಡಲಾ?

ಉತ್ತರ: ಸುಮ್ನೆ ತೆಗೀಬೇಡಿ. ವೇರ್‌ನಲ್ಲಿ (ಯಾವ ಸಾಲುಗಳು ಅನ್ನೋ ಷರತ್ತು) ಕೀ ಕಾಲಂ (ಸಾಲು ಹುಡುಕುವ ಇಂಡೆಕ್ಸ್ ಇರುವ ಕಾಲಂ) ಇಲ್ಲ ಅಂತ ಅದು ತಡೀತಿದೆ. ಮೊದಲು ಅದೇ ವೇರ್ ಹಾಕಿ ಸೆಲೆಕ್ಟ್ ಕೌಂಟ್ ತೆಗೆಯಿರಿ. ಕಬ್ಬಿನವರು ಎಷ್ಟು ಜನ ಅಂತ ನಿಮಗೇ ಅಂದಾಜಿರುತ್ತದೆ. ಸರಿ ಅನ್ನಿಸಿದರೆ ಆ ಸೆಷನ್‌ಗೆ ಮಾತ್ರ ಸೇಫ್ ಮೋಡ್ ತೆಗೆದು, ಸ್ಟಾರ್ಟ್ ಟ್ರಾನ್ಸಾಕ್ಷನ್ ಕೊಟ್ಟು ಅಪ್‌ಡೇಟ್ ಮಾಡಿ. 'ಮ್ಯಾಚ್ಡ್' ಸಂಖ್ಯೆ ಕೌಂಟ್‌ಗೆ ಹೊಂದಿದರೆ ಕಮಿಟ್ (ಬದಲಾವಣೆ ಉಳಿಸೋದು), ಇಲ್ಲದಿದ್ದರೆ ರೋಲ್‌ಬ್ಯಾಕ್ (ಮೊದಲಿನಂತೆ ಮಾಡೋದು). ಟೇಬಲ್‌ನ ಎಂಜಿನ್ (ಡೇಟಾ ಇಡುವ ವಿಧಾನ) ಇನ್ನೋಡಿಬಿ ಆಗಿದ್ದರೆ ಮಾತ್ರ ರೋಲ್‌ಬ್ಯಾಕ್ ಕೆಲಸ ಮಾಡೋದು, ಮೈಐಸ್ಯಾಮ್‌ನಲ್ಲಿ ಆಗಲ್ಲ. ಮಧ್ಯೆ ಕಾಲಂ ಬದಲಿಸುವ ಆಲ್ಟರ್ ಟೇಬಲ್ ಆಜ್ಞೆ ಕೊಡಬೇಡಿ, ತಾನಾಗಿ ಕಮಿಟ್ ಆಗಿಬಿಡುತ್ತದೆ.

ಇನ್ನೊಬ್ಬರ ಪ್ರಶ್ನೆ (ಮದ್ದೂರು): ನಮ್ಮದು ಡೇಟ್‌ಟೈಮ್ (ತಾರೀಖಿನ ಜೊತೆ ಸಮಯವೂ ಇರುವ) ಕಾಲಮ್ಮೇ. ಬಿಟ್ವೀನ್ ಹಾಕಿ ಜೂನ್ 1ರಿಂದ 30 ಕೇಳಿದರೆ 30ರ ವ್ಯಾಪಾರ ಬರೋದಿಲ್ಲ.

ಉತ್ತರ: ಬರೀ 30 ಅಂದರೆ ಅದಕ್ಕೆ 30ರ ನಡುರಾತ್ರಿ 00:00:00. ಅಂಗಡಿ ಬಾಗಿಲು ತೆಗೆಯೋ ಮುಂಚೆಯೇ ಲೆಕ್ಕ ಮುಗೀತು. ಬಿಟ್ವೀನ್ ಬಿಡಿ. ಜೂನ್ 1 ಅಥವಾ ಆಮೇಲೆ, ಜುಲೈ 1ಕ್ಕಿಂತ ಮುಂಚೆ ಅಂತ ಬರೆಯಿರಿ. ಕಾಲಂಗೆ ಡೇಟ್ ಫಂಕ್ಷನ್ ಸುತ್ತಿದರೂ ಉತ್ತರ ಬರುತ್ತದೆ, ಆದರೆ ಬೇಗ ಹುಡುಕಲು ಇರುವ ಇಂಡೆಕ್ಸ್ ಬಳಕೆಗೆ ಬರಲ್ಲ. ಬಿಲ್ ಜಾಸ್ತಿ ಆದಂತೆ ರಿಪೋರ್ಟ್ ನಿಧಾನ ಆಗುತ್ತದೆ.